ಮೀನಿನ ತೊಟ್ಟಿಗೆ ಗಿಡ್ಡ ಜಲಸಸ್ಯಗಳು: ಅಂಗಾಂಶ ಕೃಷಿ ಮತ್ತು ಬೆಳವಣಿಗೆ ತಡೆಗಳ ಬಳಕೆ

(ಭಾಷಣದ ಪಾಠ)

ಗಿಡ್ಡ ಬೆಳೆಯ ಬೆಲೆ ಏನೆಂಬುದನ್ನು ಭತ್ತ ಬೆಳೆಯುವವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಿಂದಿನ ಎತ್ತರದ ತಳಿಗಳಿಗೆ ಗೊಬ್ಬರ ಸ್ವಲ್ಪ ಹೆಚ್ಚಾದರೂ ಸಾಕು, ಪೈರು ಉದ್ದಕ್ಕೆ ಬೆಳೆದು, ತೆನೆ ತೂಗುವ ಹೊತ್ತಿಗೆ ನೆಲಕ್ಕೆ ಮಲಗುತ್ತಿತ್ತು. 1966ರಲ್ಲಿ ಐ.ಆರ್. 8 ಮತ್ತು 1968ರಲ್ಲಿ ಜಯ ತಳಿಗಳು ಬಂದ ಮೇಲೆ ಈ ತೊಂದರೆ ತಪ್ಪಿತು. ಆ ಗಿಡ್ಡತನ ಬೀಜದಲ್ಲೇ ಇತ್ತು. ಈ ವರ್ಷದ ಗಿಡ್ಡ ಭತ್ತದ ಬೀಜ ಬಿತ್ತಿದರೆ ಮುಂದಿನ ವರ್ಷವೂ ಗಿಡ್ಡ ಭತ್ತವೇ ಬೆಳೆಯುತ್ತದೆ ಎಂದು ರೈತ ನಂಬಬಹುದಾಗಿತ್ತು.

ಇಂದಿನ ವಿಷಯವೂ ಗಿಡ್ಡ ಬೆಳೆಯದೇ. ಆದರೆ ಇದು ಗದ್ದೆಯ ಬೆಳೆಯಲ್ಲ. ಪಟ್ಟಣದ ಮನೆಗಳಲ್ಲಿ, ಹೋಟೆಲುಗಳಲ್ಲಿ, ದವಾಖಾನೆಗಳ ಮೊಗಸಾಲೆಯಲ್ಲಿ ಬಣ್ಣದ ಮೀನು ಸಾಕುವ ಗಾಜಿನ ತೊಟ್ಟಿ, ಅಂದರೆ ಅಕ್ವೇರಿಯಂನಲ್ಲಿ ಬೆಳೆಸುವ ಅಲಂಕಾರದ ಜಲಸಸ್ಯ. ಇದನ್ನು ಪ್ರಯೋಗಶಾಲೆಯ ಬಾಟಲಿಯಲ್ಲಿ ಅಂಗಾಂಶ ಕೃಷಿಯಿಂದ ಹೆಚ್ಚಿಸುವುದು ಹೇಗೆ, ಔಷಧಿ ಕೊಟ್ಟು ಗಿಡ್ಡವಾಗಿ ಇಡುವುದು ಹೇಗೆ, ಹಾಗೆ ಮಾಡಿದ ಗಿಡ್ಡತನ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಇಲ್ಲಿ ನೋಡೋಣ. ಈ ಕಸುಬಿಗೆ ಹಣ ಹಾಕುವ ಮೊದಲು ಕೊನೆಯ ಪ್ರಶ್ನೆಗೆ ಉತ್ತರ ತಿಳಿದಿರುವುದು ಬಹಳ ಮುಖ್ಯ.

ಗಿಡ್ಡ ಗಿಡಗಳಿಗೆ ಬೇಡಿಕೆ ಏಕೆ?

ಮನೆಯಲ್ಲಿಡುವ ತೊಟ್ಟಿಯಲ್ಲಿ ನೀರಿನ ಆಳ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಡಿ ಮಾತ್ರ. ಕೆರೆಯಲ್ಲಿ ನಾಲ್ಕೈದು ಅಡಿ ಬೆಳೆಯುವ ಗಿಡವನ್ನು ಇದರಲ್ಲಿ ನೆಟ್ಟರೆ ಕೆಲವೇ ವಾರಗಳಲ್ಲಿ ತುದಿ ನೀರಿನ ಮೇಲಕ್ಕೆ ಬಂದು ಹರಡಿಕೊಳ್ಳುತ್ತದೆ. ಕೆಳಗೆ ಬೆಳಕು ಬೀಳದೆ ಬುಡದ ಎಲೆಗಳು ಉದುರುತ್ತವೆ, ಕೊಳೆಯುತ್ತವೆ, ನೀರು ಕೆಡುತ್ತದೆ. ವಾರಕ್ಕೊಮ್ಮೆ ಕತ್ತರಿ ಹಿಡಿದು ಕೂರಲು ಪಟ್ಟಣದವರಿಗೆ ಬಿಡುವಿರುವುದಿಲ್ಲ. ಆದುದರಿಂದ ಬೇಗ ಎತ್ತರವಾಗದ, ಪೊದೆಯಂತೆ ಒತ್ತಾಗಿ ನಿಲ್ಲುವ ಗಿಡವನ್ನು ಅವರು ಹೆಚ್ಚು ಬೆಲೆ ಕೊಟ್ಟಾದರೂ ಕೊಳ್ಳುತ್ತಾರೆ.

ಜಪಾನಿನ ತಕಾಶಿ ಅಮಾನೊ (1954–2015) ಎಂಬುವರು ತೊಟ್ಟಿಯೊಳಗೆ ಕಲ್ಲು, ಮರದ ಬೇರು ಮತ್ತು ಗಿಡಗಳಿಂದ ಬೆಟ್ಟ, ಕಾಡು, ಹುಲ್ಲುಗಾವಲಿನ ನೋಟ ಕಟ್ಟುವ ಪದ್ಧತಿಯನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಇಂತಹ ನೋಟಕ್ಕೆ ಮುಂಭಾಗದಲ್ಲಿ ಒಂದೆರಡು ಅಂಗುಲ ಮೀರದ ಗಿಡಗಳೇ ಬೇಕು. ಗಿಡ್ಡ ಜಲಸಸ್ಯಗಳಿಗೆ ಮಾರುಕಟ್ಟೆ ಹರಡಲು ಇದೂ ಒಂದು ಕಾರಣ. ನಮ್ಮ ದೇಶದಲ್ಲಿ ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನಿನ ವ್ಯಾಪಾರಕ್ಕೆ ಹೆಸರಾದ ಸ್ಥಳ. ಬೆಂಗಳೂರಿನಂತಹ ನಗರಗಳಲ್ಲಿಯೂ ಮೀನಿನ ಅಂಗಡಿಗಳು ಗಿಡಗಳನ್ನು ಮಾರುತ್ತವೆ.

ಯಾವ ಗಿಡಗಳು?

ಇವುಗಳಲ್ಲಿ ಎರಡು ಗುಂಪು. ಮೊದಲನೆಯದು ನಿಧಾನವಾಗಿ ಬೆಳೆಯುವ, ಗೆಡ್ಡೆಯಂತಹ ಕಾಂಡವುಳ್ಳ ಗಿಡಗಳು. ಪಶ್ಚಿಮ ಆಫ್ರಿಕದ ಅನುಬಿಯಾಸ್ ನಾನಾ, ಶ್ರೀಲಂಕಾದ ಕ್ರಿಪ್ಟೊಕೊರೈನ್ ಪಾರ್ವ ಈ ಗುಂಪಿನವು. ಎರಡೂ ಕೆಸುವಿನ ಕುಟುಂಬಕ್ಕೆ ಸೇರಿದವು, ಎರಡೂ ಸ್ವಭಾವತಃ ಗಿಡ್ಡ. ಕ್ರಿಪ್ಟೊಕೊರೈನ್ ಕುಲದ ಬೇರೆ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿಯೂ ಇವೆ.

ಎರಡನೆಯ ಗುಂಪು ದಂಟಿನ ಗಿಡಗಳು. ಇವು ಗೆಣ್ಣುಗೆಣ್ಣಾಗಿ ಬೇಗ ಬೆಳೆಯುತ್ತವೆ. ರೋಟಾಲ, ಹೈಗ್ರೊಫಿಲ, ಲಿಮ್ನೊಫಿಲ ಮುಂತಾದವು ಈ ಗುಂಪಿನವು. ನಮ್ಮ ಗದ್ದೆ ಬದುಗಳಲ್ಲಿ, ಕಾಲುವೆ ಅಂಚಿನಲ್ಲಿ ಹಬ್ಬುವ ನೀರು ಬ್ರಾಹ್ಮಿಯೂ ಇದೇ ಗುಂಪಿಗೆ ಸೇರುತ್ತದೆ. ಇದು ಚಟ್ನಿ, ತಂಬುಳಿಗೆ ಬಳಸುವ ದುಂಡು ಎಲೆಯ ಒಂದೆಲಗವಲ್ಲ. ಪುಟ್ಟ, ದಪ್ಪ ಎಲೆಗಳು ಜೋಡಿಜೋಡಿಯಾಗಿರುವ ಬಕೋಪ ಮೊನಿಯೇರಿ ಎಂಬ ಗಿಡ.

ಅಂಗಾಂಶ ಕೃಷಿಯ ಲಾಭ ಹೆಚ್ಚಾಗಿ ದೊರೆಯುವುದು ಮೊದಲನೆಯ ಗುಂಪಿನಲ್ಲಿ. ದಂಟಿನ ಗಿಡವನ್ನು ತುಂಡು ಮಾಡಿ ನೆಟ್ಟರೆ ಸಾಕು, ಚಿಗುರುತ್ತದೆ. ಆದರೆ ಅನುಬಿಯಾಸ್ ಗೆಡ್ಡೆಯನ್ನು ತುಂಡು ಮಾಡಿ ವರ್ಷಕ್ಕೆ ಪಡೆಯುವ ಗಿಡಗಳು ಕೆಲವೇ. ಬೆಳವಣಿಗೆ ತಡೆಯುವ ಔಷಧಿಯ ಪರಿಣಾಮ ಎದ್ದು ಕಾಣುವುದು ಎರಡನೆಯ ಗುಂಪಿನಲ್ಲಿ, ಏಕೆಂದರೆ ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಾಗುವುದೇ ಅವುಗಳ ಎತ್ತರಕ್ಕೆ ಕಾರಣ.

ಗಿಡ ಉದ್ದವಾಗುವುದು ಹೇಗೆ?

ಭತ್ತದ ಸಸಿಮಡಿಯಲ್ಲಿ ಒಮ್ಮೊಮ್ಮೆ ಕೆಲವು ಸಸಿಗಳು ಉಳಿದವುಗಳಿಗಿಂತ ಮೇಲೆದ್ದು, ತೆಳ್ಳಗೆ, ಬಿಳಿಚಿಕೊಂಡು ನಿಂತಿರುತ್ತವೆ. ನಾಟಿ ಮಾಡಿದ ಮೇಲೆ ಅವು ಸಾಯುತ್ತವೆ ಅಥವಾ ಜೊಳ್ಳಾಗುತ್ತವೆ. ಜಪಾನೀಯರು ಈ ರೋಗವನ್ನು ಬಕಾನೆ ಎನ್ನುತ್ತಾರೆ. ಹಾಗೆಂದರೆ ಪೆದ್ದು ಸಸಿ ಎಂದರ್ಥ. ಇದನ್ನು ತರುವುದು ಒಂದು ಶಿಲೀಂಧ್ರ. ಆ ಶಿಲೀಂಧ್ರ ಬೆಳೆದ ದ್ರವವನ್ನು ಸೋಸಿ, ಶಿಲೀಂಧ್ರವಿಲ್ಲದೆಯೇ ಸಸಿಗಳಿಗೆ ಹಾಕಿದರೂ ಅವು ಉದ್ದವಾಗುತ್ತವೆ ಎಂದು ಕುರೊಸಾವ ಎಂಬ ವಿಜ್ಞಾನಿ 1926ರಲ್ಲಿ ತೋರಿಸಿದರು. ಹಾಗೆ ಉದ್ದ ಮಾಡುವ ವಸ್ತುವಿಗೆ 1935ರಲ್ಲಿ ಗಿಬ್ಬರೆಲಿನ್ ಎಂದು ಹೆಸರಾಯಿತು. ಅದು ಶಿಲೀಂಧ್ರದಲ್ಲಿ ಮಾತ್ರವಲ್ಲ, ಎಲ್ಲ ಬೆಳೆಗಳಲ್ಲಿಯೂ ಸ್ವಲ್ಪ ಸ್ವಲ್ಪ ತಯಾರಾಗುವ ಚೋದಕ ಎಂಬುದು ಆಮೇಲೆ ಗೊತ್ತಾಯಿತು.

ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ಬೆಳೆಗಾರರಿಗೆ ಈ ಗಿಬ್ಬರೆಲಿನ್ ಚೆನ್ನಾಗಿ ಗೊತ್ತು. ಬೀಜರಹಿತ ದ್ರಾಕ್ಷಿಯ ಗೊಂಚಲು ಸಡಿಲವಾಗಿ, ಕಾಯಿ ಉದ್ದವಾಗಿ ಬರಲೆಂದು ಅವರು ಅದನ್ನು ಬಳಸುತ್ತಾರೆ.

ನೀರಿನಲ್ಲಿ ಮುಳುಗಿದ ಗಿಡಕ್ಕೆ ಉದ್ದವಾಗುವ ಕಾರಣ ಇನ್ನೂ ಬಲವಾದದ್ದು. ಗಿಡ ಹೊರಬಿಡುವ ಎಥಿಲೀನ್ ಎಂಬ ಅನಿಲ ಗಾಳಿಯಲ್ಲಿ ಹರಡಿ ಹೋಗುತ್ತದೆ. ನೀರಿನೊಳಗೆ ಅದು ಬೇಗ ಹೊರಹೋಗಲಾರದೆ ಗಿಡದಲ್ಲೇ ಉಳಿಯುತ್ತದೆ. ಆಗ ಗಿಬ್ಬರೆಲಿನ್ನಿನ ಕೆಲಸ ಹೆಚ್ಚಿ ಕಾಂಡ ಮೇಲಕ್ಕೆ ಚಾಚುತ್ತದೆ. ಬಂಗಾಳ, ಅಸ್ಸಾಮಿನ ಆಳ ನೀರಿನ ಭತ್ತ ನೆರೆಯ ಜೊತೆಗೆ ಏರುವುದು ಹೀಗೆಯೇ. ಬೆಳಕು ಕಡಿಮೆಯಾದರೆ ಈ ಚಾಚುವಿಕೆ ಮತ್ತೂ ಹೆಚ್ಚು. ಮಂಕು ದೀಪದ ತೊಟ್ಟಿಯಲ್ಲಿ ಗಿಡ ಜೋಲುವುದು ಇದರಿಂದ.

ಗಿಡ್ಡತನದಲ್ಲಿ ಮೂರು ಬಗೆ

ಇಷ್ಟು ತಿಳಿದ ಮೇಲೆ ಗಿಡ್ಡತನ ಎಲ್ಲಿಂದ ಬರುತ್ತದೆ ಎಂಬುದನ್ನು ಬೇರ್ಪಡಿಸಿ ನೋಡಬಹುದು.

ಒಂದು, ಹುಟ್ಟಿನಿಂದ ಬಂದ ಗಿಡ್ಡತನ. ಅನುಬಿಯಾಸ್ ನಾನಾ, ಕ್ರಿಪ್ಟೊಕೊರೈನ್ ಪಾರ್ವ ಈ ಬಗೆಯವು. ಜಯ, ಐ.ಆರ್. 8 ಭತ್ತದಂತೆ ಇವುಗಳ ಗಿಡ್ಡತನ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ.

ಎರಡು, ಬೆಳೆಸಿದ ಪರಿಸರದಿಂದ ಬಂದ ಗಿಡ್ಡತನ. ಬಲವಾದ ಬೆಳಕು, ತಂಪು ಹವೆ, ನೀರಿನ ಹೊರಗೆ ಬೆಳೆಸುವುದು, ಪದೇ ಪದೇ ತುದಿ ಚಿವುಟುವುದು ಇವುಗಳಿಂದ ಗಿಡ ಒತ್ತಾಗುತ್ತದೆ. ಪರಿಸರ ಬದಲಾದ ಕೂಡಲೇ ಗಿಡವೂ ಬದಲಾಗುತ್ತದೆ.

ಮೂರು, ಔಷಧಿಯಿಂದ ಬಂದ ಗಿಡ್ಡತನ. ಗಿಡ ಗಿಬ್ಬರೆಲಿನ್ ತಯಾರಿಸಿಕೊಳ್ಳುವುದನ್ನು ಈ ಔಷಧಿಗಳು ತಡೆಯುತ್ತವೆ. ಔಷಧಿಯ ಪ್ರಭಾವ ಇಳಿದಾಗ ಗಿಡ ತನ್ನ ಹಿಂದಿನ ನಡತೆಗೆ ಮರಳುತ್ತದೆ. ಔಷಧಿ ಗಿಡದ ಬೆಳವಣಿಗೆಯನ್ನು ಬದಲಿಸುತ್ತದೆಯೇ ಹೊರತು ತಳಿಯನ್ನಲ್ಲ. ಇಡೀ ಭಾಷಣದಲ್ಲಿ ನೆನಪಿಡಬೇಕಾದ ಮಾತು ಇದೊಂದೇ.

ಅಂಗಾಂಶ ಕೃಷಿಯ ವಿಧಾನ

ಬಾಳೆಯ ಜಿ-9 ಸಸಿಗಳನ್ನು ಕೊಂಡವರಿಗೆ ಅಂಗಾಂಶ ಕೃಷಿಯ ಹೆಸರು ಹೊಸದಲ್ಲ. ಗಿಡದ ಒಂದು ಚಿಕ್ಕ ಮೊಗ್ಗನ್ನು ರೋಗಾಣುಗಳಿಲ್ಲದ ಬಾಟಲಿಯಲ್ಲಿ, ಆಹಾರ ತುಂಬಿದ ಲೋಳೆಯ ಮೇಲೆ ಇಟ್ಟು, ಅದರಿಂದ ಅನೇಕ ಮೊಳಕೆಗಳನ್ನು ಬರಿಸುವುದೇ ಈ ವಿಧಾನ.

ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಪೋಷಕ ಮಾಧ್ಯಮವೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ. ಸಸ್ಯಕ್ಕೆ ಬೇಕಾದ ಲವಣಗಳು ಮತ್ತು ಜೀವಸತ್ವಗಳ ಜೊತೆಗೆ ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಸುಮಾರು 8 ಗ್ರಾಂ ಅಗಾರ್ ಸೇರಿಸುತ್ತಾರೆ. ರಸಸಾರವನ್ನು 5.8ಕ್ಕೆ ಹೊಂದಿಸುತ್ತಾರೆ. ಅನಂತರ ಬಾಟಲಿಗಳನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚದರ ಅಂಗುಲಕ್ಕೆ 15 ಪೌಂಡು ಒತ್ತಡದಲ್ಲಿ 15ರಿಂದ 20 ನಿಮಿಷ ಬೇಯಿಸಿ ರೋಗಾಣುಗಳನ್ನು ಕೊಲ್ಲುತ್ತಾರೆ. ಅಡಿಗೆ ಮನೆಯ ದೊಡ್ಡ ಪ್ರೆಷರ್ ಕುಕ್ಕರ್ ಕೂಡ ಇದೇ ಒತ್ತಡದಲ್ಲಿ ಕೆಲಸ ಮಾಡುವುದರಿಂದ ಚಿಕ್ಕ ಪ್ರಮಾಣಕ್ಕೆ ಅದು ಸಾಕು. ಅಂಗಡಿಯ ಸಕ್ಕರೆ, ಅಗಾರ್ ಬದಲು ಇಸಬ್‌ಗೋಲ್ ಹೊಟ್ಟು ಬಳಸಿ ಖರ್ಚು ತಗ್ಗಿಸುವ ದಾರಿಗಳೂ ಇವೆ.

ತಾಯಿ ಗಿಡದಿಂದ ತೆಗೆದ ಮೊಗ್ಗನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ತೆಳುಗೊಳಿಸಿದ ಬ್ಲೀಚಿಂಗ್ ದ್ರಾವಣದಲ್ಲಿ 10ರಿಂದ 15 ನಿಮಿಷ ಇಟ್ಟು, ಕುದಿಸಿ ಶುದ್ಧ ಮಾಡಿದ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಜಲಸಸ್ಯಗಳಲ್ಲಿ ಹೆಚ್ಚಿನ ಸೋಲು ಆಗುವುದು ಇದೇ ಹಂತದಲ್ಲಿ. ಕೆಸರಿನಲ್ಲಿ ಬೆಳೆದ ಗೆಡ್ಡೆಯ ಒಳಗೂ ದುಂಡಾಣುಗಳು ಸೇರಿಕೊಂಡಿರುತ್ತವೆ. ಔಷಧಿ ಕಡಿಮೆಯಾದರೆ ಬಾಟಲಿಯಲ್ಲಿ ಬೂಷ್ಟು, ಹೆಚ್ಚಾದರೆ ಮೆತ್ತನೆಯ ಮೊಗ್ಗೇ ಸಾಯುತ್ತದೆ. ಇದಕ್ಕೆ ಉಪಾಯವೆಂದರೆ ತಾಯಿ ಗಿಡವನ್ನು ಕೆಲವು ವಾರ ಮೊದಲೇ ನೀರಿನಿಂದ ಹೊರತೆಗೆದು, ಶುದ್ಧ ಮರಳಿನಲ್ಲಿ ತೇವ ಗಾಳಿಯಲ್ಲಿ ಬೆಳೆಸಿ, ಮೇಲಿನ ಹೊಸ ಚಿಗುರಿನಿಂದ ಮೊಗ್ಗು ತೆಗೆಯುವುದು.

ಮೊಳಕೆಗಳು ಹೆಚ್ಚಾಗಲು ಸೈಟೋಕೈನಿನ್ ಎಂಬ ಚೋದಕವನ್ನು ಮಾಧ್ಯಮಕ್ಕೆ ಸೇರಿಸುತ್ತಾರೆ. ಬೆಂಜೈಲ್ ಅಡೆನಿನ್ ಎಂಬುದು ಇವುಗಳಲ್ಲಿ ಸಾಮಾನ್ಯವಾಗಿ ಬಳಸುವಂತಹುದು. ಲೀಟರಿಗೆ ಒಂದೆರಡು ಮಿಲಿಗ್ರಾಂನಿಂದ ಪ್ರಾರಂಭಿಸಿ ಗಿಡಕ್ಕೆ ಸರಿಯಾದ ಪ್ರಮಾಣ ಕಂಡುಕೊಳ್ಳಬೇಕು. ಬೇರು ಬರಿಸಲು ಆಕ್ಸಿನ್ ಗುಂಪಿನ ಚೋದಕ ಬೇಕು, ಆದರೆ ಅನೇಕ ಜಲಸಸ್ಯಗಳು ಯಾವ ಚೋದಕವೂ ಇಲ್ಲದ ಮಾಧ್ಯಮದಲ್ಲಿಯೇ ಬೇರು ಬಿಡುತ್ತವೆ. ಬಾಟಲಿಗಳನ್ನು ಸುಮಾರು 25 ಡಿಗ್ರಿ ಉಷ್ಣಾಂಶದಲ್ಲಿ, ದಿನಕ್ಕೆ 16 ಗಂಟೆ ಬೆಳಕಿನಲ್ಲಿ ಇಡುತ್ತಾರೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಮೊಳಕೆಗಳನ್ನು ಬಿಡಿಸಿ ಹೊಸ ಬಾಟಲಿಗೆ ಹಾಕುತ್ತಾರೆ.

ಪ್ರತಿ ಸುತ್ತಿಗೆ ಒಂದು ಮೊಳಕೆ ಮೂರಾದರೆ ಆರು ಸುತ್ತಿನಲ್ಲಿ ಒಂದು ಮೊಗ್ಗಿನಿಂದ 729 ಆಗಬೇಕು. ಇದು ಕಾಗದದ ಮೇಲಿನ ಲೆಕ್ಕ. ಬೂಷ್ಟು, ಕೈತಪ್ಪು, ವಿದ್ಯುತ್ ನಿಲುಗಡೆಗಳ ನಷ್ಟವನ್ನು ಇದರಲ್ಲಿ ಕಳೆಯಬೇಕು. ಸುತ್ತುಗಳು ಬಹಳವಾದರೆ ಗಿಡದ ಗುಣ ಬದಲಾಗುವ ಸಂಭವವೂ ಉಂಟು. ಆದುದರಿಂದ ಕೆಲವು ಸುತ್ತುಗಳಾದ ಮೇಲೆ ಹೊಸ ತಾಯಿ ಗಿಡದಿಂದ ಮತ್ತೆ ಪ್ರಾರಂಭಿಸುವುದು ಲೇಸು.

ಇಲ್ಲೊಂದು ಎಚ್ಚರಿಕೆ. ಸೈಟೋಕೈನಿನ್ ಹೆಚ್ಚಿರುವ ಬಾಟಲಿಯಲ್ಲಿ ಮೊಳಕೆಗಳು ತಾವಾಗಿಯೇ ಕುಳ್ಳಗೆ, ಒತ್ತಾಗಿ ಇರುತ್ತವೆ. ಹೊರಗೆ ಬಂದು ಕೆಲವು ವಾರಗಳಾದ ಮೇಲೆ ಉದ್ದವಾಗುತ್ತವೆ. ಬಾಟಲಿಯಲ್ಲಿ ಗಿಡ್ಡವಾಗಿ ಕಂಡದ್ದೆಲ್ಲ ಗಿಡ್ಡ ತಳಿಯೆಂದು ಭಾವಿಸಬಾರದು.

ಬೆಳವಣಿಗೆ ತಡೆಗಳು

ಗಿಬ್ಬರೆಲಿನ್ ತಯಾರಿಯನ್ನು ತಡೆಯುವ ಔಷಧಿಗಳಲ್ಲಿ ರೈತರಿಗೆ ಪರಿಚಯವಿರುವವು ಎರಡು. ಒಂದು ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ಅಂದರೆ ದ್ರಾಕ್ಷಿ ತೋಟದಲ್ಲಿ ಸಿ.ಸಿ.ಸಿ. ಎಂದು ಕರೆಯುವುದು. ಇನ್ನೊಂದು ಮಾವಿನ ಬುಡಕ್ಕೆ ಹಾಕುವ ಪ್ಯಾಕ್ಲೊಬ್ಯುಟ್ರಜಾಲ್. ಇವೆರಡೂ ಗಿಬ್ಬರೆಲಿನ್ ತಯಾರಾಗುವ ಸರಪಳಿಯನ್ನು ಬೇರೆ ಬೇರೆ ಕೊಂಡಿಗಳಲ್ಲಿ ಕಡಿಯುತ್ತವೆ. ಇವಲ್ಲದೆ ಆನ್ಸಿಮಿಡಾಲ್, ಫ್ಲರ್‌ಪ್ರಿಮಿಡಾಲ್ ಮುಂತಾದವು ಹೊರದೇಶಗಳ ಹೂಕುಂಡದ ಗಿಡಗಳಲ್ಲಿ ಬಳಕೆಯಲ್ಲಿವೆ.

ಜಲಸಸ್ಯಗಳ ಮೇಲೆ ಇವುಗಳ ಪರಿಣಾಮ ತಿಳಿದದ್ದು ಒಂದು ವಿಚಿತ್ರ ದಾರಿಯಲ್ಲಿ. ಏಷ್ಯದ ಕೆರೆಗಳಲ್ಲಿ ಬೆಳೆಯುವ ಹೈಡ್ರಿಲ್ಲ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕವೇ ಅಮೆರಿಕದ ಫ್ಲೋರಿಡಾ ಸೇರಿತು. ಅಲ್ಲಿ ಹೊಳೆ, ಸರೋವರಗಳನ್ನು ತುಂಬಿ ದೊಡ್ಡ ಕಳೆಯಾಯಿತು. ಅದನ್ನು ಪೂರ್ತಿ ಕೊಲ್ಲದೆ ತಳದಲ್ಲೇ ಗಿಡ್ಡವಾಗಿ ಇಡಲು ಆದೀತೇ ಎಂದು ಅಮೆರಿಕದ ವಿಜ್ಞಾನಿಗಳು ಗಿಬ್ಬರೆಲಿನ್ ತಡೆಗಳನ್ನು ಪರೀಕ್ಷಿಸಿದರು. ಕಾಂಡ ಗಿಡ್ಡವಾಯಿತು, ಗಿಡ ಹಸಿರಾಗಿಯೇ ಉಳಿಯಿತು. ಮುಳುಗಿದ ಗಿಡವೂ ಈ ಔಷಧಿಗಳಿಗೆ ಬಗ್ಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಅಂಗಾಂಶ ಕೃಷಿಯಲ್ಲಿ ಪ್ಯಾಕ್ಲೊಬ್ಯುಟ್ರಜಾಲ್‌ನ್ನು ಬೇರು ಬರಿಸುವ ಕೊನೆಯ ಸುತ್ತಿನಲ್ಲಿ ಮಾತ್ರ ಸೇರಿಸುವುದು ಸೂಕ್ತ. ಹೀಗೆ ಮಾಡಿದಾಗ ಗೆಣ್ಣಿನ ಅಂತರ ಕುಗ್ಗುತ್ತದೆ, ಎಲೆ ಕಡು ಹಸಿರಾಗಿ ದಪ್ಪವಾಗುತ್ತದೆ, ಬೇರು ಗಟ್ಟಿಯಾಗುತ್ತದೆ. ಬಾಟಲಿಯ ಗಿಡಗಳು ನೀರು ತುಂಬಿ ಗಾಜಿನಂತೆ ಪಾರದರ್ಶಕವಾಗುವ ದೋಷವೂ ಕಡಿಮೆಯಾಗುತ್ತದೆ. ಹೊರಗೆ ಬಂದ ಮೇಲೆ ಗಿಡ ಬೇಗ ಬಾಡುವುದಿಲ್ಲ. ಗಿಡ್ಡತನ ತಾತ್ಕಾಲಿಕವಾದರೂ ಈ ಲಾಭಗಳು ನಿಜವಾದವು. ಸಾಗಾಣಿಕೆಯಲ್ಲಿ ಗಿಡ ಉಳಿಯುವುದು ಮತ್ತು ಅಂಗಡಿಯಲ್ಲಿ ಬಾಟಲಿ ತುಂಬಿ ಉಕ್ಕದೆ ನಿಲ್ಲುವುದು ಬೆಳೆಗಾರನಿಗೆ ಲಾಭವೇ.

ಪ್ರಮಾಣದಲ್ಲಿ ಬಹಳ ಎಚ್ಚರ ಬೇಕು. ಲೀಟರು ಮಾಧ್ಯಮಕ್ಕೆ ಅರ್ಧ ಮಿಲಿಗ್ರಾಂ, 1 ಮಿಲಿಗ್ರಾಂ, 2 ಮಿಲಿಗ್ರಾಂ ಹೀಗೆ ಮೂರು ಪ್ರಮಾಣಗಳನ್ನೂ, ಔಷಧಿಯಿಲ್ಲದ ಒಂದು ಸಾಲನ್ನೂ ಇಟ್ಟು ನೋಡಿ, ಸಾಕೆನಿಸುವ ಅತಿ ಕಡಿಮೆ ಪ್ರಮಾಣವನ್ನು ಆರಿಸಬೇಕು. ಮಾವಿಗೆಂದು ಮಾರುವ ದ್ರಾವಣದ 100 ಮಿಲಿಲೀಟರಿನಲ್ಲಿ 25 ಗ್ರಾಂ ಔಷಧಿ ಇರುತ್ತದೆ, ಅಂದರೆ ಒಂದೇ ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ. ಲೀಟರಿಗೆ 1 ಮಿಲಿಗ್ರಾಂ ಎಂದರೆ ಆ ಒಂದು ಮಿಲಿಲೀಟರು 250 ಲೀಟರಿಗೆ ಸಾಕಾಗುತ್ತದೆ! ಅಂದಾಜಿನ ಮೇಲೆ ಮುಚ್ಚಳದಲ್ಲಿ ಅಳೆದು ಸುರಿಯುವ ವಸ್ತು ಇದಲ್ಲ. ಪ್ರಯೋಗಶಾಲೆಯಲ್ಲಿ ಶುದ್ಧ ರೂಪದ ಔಷಧಿಯನ್ನೇ ತೂಗಿ ಬಳಸಬೇಕು. ಮಾವಿನ ದ್ರಾವಣದಲ್ಲಿ ಔಷಧಿಯ ಜೊತೆಗೆ ಬೇರೆ ಸೇರಿಕೆಗಳೂ ಇರುತ್ತವೆ.

ಪ್ರಮಾಣ ಮೀರಿದರೆ ಎಲೆಗಳು ಮುದುಡಿ, ಸುಕ್ಕುಗಟ್ಟಿ, ಗಿಡ ತಿಂಗಳುಗಟ್ಟಲೆ ಒಂದೇ ಅಳತೆಯಲ್ಲಿ ನಿಲ್ಲುತ್ತದೆ. ಈ ಔಷಧಿ ಬೇಗ ಕರಗಿ ಹೋಗುವಂತಹುದಲ್ಲ. ಮಾವಿನ ತೋಟದ ಮಣ್ಣಿನಲ್ಲಿ ಅದು ಬಹುಕಾಲ ಉಳಿಯುವುದನ್ನು ಬೆಳೆಗಾರರು ಬಲ್ಲರು.

ಔಷಧಿಗೆ ಮೊದಲು ಬೆಳಕು

ಗಿಡ ಉದ್ದವಾಗುತ್ತಿದೆ ಎಂದ ಕೂಡಲೇ ಔಷಧಿಗೆ ಕೈ ಹಾಕಬಾರದು. ಮೊದಲು ಬೆಳಕು ಸಾಕೇ ಎಂದು ನೋಡಬೇಕು. ನೆರಳು ಹೆಚ್ಚಾದ ನೆರಳುಮನೆಯಲ್ಲಿ ಯಾವ ಗಿಡವೂ ಒತ್ತಾಗಿ ಬೆಳೆಯದು. ಸಾಲುಗಳ ನಡುವೆ ಅಂತರ ಕೊಡುವುದು, ಸಾರಜನಕ ಮಿತಿಯಲ್ಲಿಡುವುದು, ವಾರಕ್ಕೊಮ್ಮೆ ತುದಿ ಚಿವುಟುವುದು ಇಷ್ಟರಿಂದಲೇ ದಂಟಿನ ಗಿಡಗಳಲ್ಲಿ ಅರ್ಧ ಕೆಲಸ ಆಗುತ್ತದೆ. ಖರ್ಚೂ ಇಲ್ಲ, ಔಷಧಿ ಉಳಿಯುವ ಭಯವೂ ಇಲ್ಲ.

ಕೊಳ್ಳುವವನಿಗೆ ನಿಜ ಹೇಳುವುದು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಬ್ಬ ಬೆಳೆಗಾರ ನೀರು ಬ್ರಾಹ್ಮಿಯನ್ನೋ ರೋಟಾಲವನ್ನೋ ಔಷಧಿಯಿಂದ ಎರಡು ಅಂಗುಲಕ್ಕೆ ನಿಲ್ಲಿಸಿ, ಗಿಡ್ಡ ತಳಿ ಎಂದು ಹೆಸರು ಬರೆದು, ಹೆಚ್ಚು ಬೆಲೆಗೆ ಅಂಗಡಿಗೆ ಕೊಟ್ಟನೆಂದು ಇಟ್ಟುಕೊಳ್ಳೋಣ. ಕೊಂಡವನು ಅದನ್ನು ತೊಟ್ಟಿಯ ಮುಂಭಾಗದಲ್ಲಿ ನೆಡುತ್ತಾನೆ. ಕೆಲವು ವಾರ ಗಿಡ ಹಾಗೇ ಇರುತ್ತದೆ. ಹೊಸ ಚಿಗುರುಗಳು ಬಂದಂತೆ ಔಷಧಿಯ ಅಂಶ ಹಂಚಿಹೋಗಿ ತೆಳುವಾಗುತ್ತದೆ. ಗೆಣ್ಣುಗಳು ಮತ್ತೆ ಉದ್ದವಾಗಿ ಗಿಡ ನೀರಿನ ಮೇಲಕ್ಕೆ ಬರುತ್ತದೆ. ಕೊಂಡವನು ಅಂಗಡಿಯವನನ್ನು ಕೇಳುತ್ತಾನೆ, ಅಂಗಡಿಯವನು ಬೆಳೆಗಾರನಿಂದ ಕೊಳ್ಳುವುದನ್ನು ನಿಲ್ಲಿಸುತ್ತಾನೆ. ಒಂದು ಸಲದ ಹೆಚ್ಚಿನ ಬೆಲೆಗಾಗಿ ಖಾಯಂ ಗಿರಾಕಿ ಕೈತಪ್ಪಿದ.

ಬೆಳವಣಿಗೆ ತಡೆಗಳ ವಿಷಯದಲ್ಲಿ ನಮ್ಮ ದೇಶದ ಬೆಳೆಗಾರರು ಒಮ್ಮೆ ಬಹಳ ದುಬಾರಿ ಪಾಠ ಕಲಿತಿದ್ದಾರೆ. 2010ರಲ್ಲಿ ಯೂರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಅಂಶ ಅಲ್ಲಿನ ಮಿತಿಗಿಂತ ಹೆಚ್ಚಿದೆಯೆಂದು ಮಾಲು ತಿರಸ್ಕೃತವಾಯಿತು. ಹಣ್ಣು ನೋಡಲು ಚೆನ್ನಾಗಿಯೇ ಇತ್ತು. ಕಣ್ಣಿಗೆ ಕಾಣದ ಔಷಧಿಯ ಅಂಶ ಬೆಳೆಗಾರರ ಒಂದು ಹಂಗಾಮಿನ ದುಡಿಮೆಯನ್ನು ಕೆಡಿಸಿತು. ಅಲಂಕಾರದ ಗಿಡ ತಿನ್ನುವ ವಸ್ತುವಲ್ಲ ನಿಜ. ಆದರೆ ಏನು ಹಾಕಿದೆ ಎಂದು ಕೊಳ್ಳುವವನಿಗೆ ತಿಳಿಸದೆ ಮಾರಿದ ಮಾಲಿಗೆ ಬರುವ ಕೆಟ್ಟ ಹೆಸರು ಎಲ್ಲ ಕಡೆಯೂ ಒಂದೇ.

ಆದುದರಿಂದ ಗಿಡ್ಡ ತಳಿ ಎಂದು ಹೆಸರಿಟ್ಟು ಮಾರುವ ಮೊದಲು ಪರೀಕ್ಷೆ ಮಾಡಬೇಕು. ಗಿಬ್ಬರೆಲಿನ್ ಸಿಂಪಡಿಸಿ ಉದ್ದವಾಗುತ್ತದೆಯೇ ನೋಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಇದು ಸಾಲದು. ಐ.ಆರ್. 8ರಂತಹ ಹುಟ್ಟು ಗಿಡ್ಡ ಭತ್ತವೂ ಗಿಬ್ಬರೆಲಿನ್ ಕೊಟ್ಟರೆ ಉದ್ದವಾಗುತ್ತದೆ. ಬೆಳೆಸಿ ನೋಡುವುದೇ ಸರಿಯಾದ ಪರೀಕ್ಷೆ. ಅನುಮಾನದ ಗಿಡವನ್ನೂ ಸಾಮಾನ್ಯ ಗಿಡವನ್ನೂ ಒಂದೇ ತೊಟ್ಟಿಯಲ್ಲಿ, ಒಂದೇ ಬೆಳಕಿನಲ್ಲಿ, ಯಾವ ಔಷಧಿಯೂ ಇಲ್ಲದೆ ಬೆಳೆಸಬೇಕು. ತುದಿ ಕತ್ತರಿಸಿ ನೆಡಬೇಕು. ಬೆಳೆದ ಮೇಲೆ ಮತ್ತೆ ಅದರ ತುದಿ ಕತ್ತರಿಸಿ ನೆಡಬೇಕು. ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೂ ಗಿಡ ಗಿಡ್ಡವಾಗಿಯೇ ಇದ್ದರೆ ಅದು ತಳಿಯ ಗುಣವೆಂದು ತಿಳಿಯಬಹುದು.

ಅಂಗಾಂಶ ಕೃಷಿಯ ಸಾವಿರಾರು ಗಿಡಗಳ ನಡುವೆ ಒಮ್ಮೊಮ್ಮೆ ಇಂತಹ ನಿಜವಾದ ಗಿಡ್ಡ ಗಿಡ ತಾನಾಗಿಯೇ ಕಾಣಿಸಿಕೊಳ್ಳುವುದುಂಟು. ಅದನ್ನು ಗುರುತಿಸಿ ಬೇರೆ ಇಟ್ಟು ಪರೀಕ್ಷಿಸಿದ ಬೆಳೆಗಾರನಿಗೆ ಔಷಧಿಗಿಂತ ಹೆಚ್ಚಿನ ಆಸ್ತಿ ಸಿಕ್ಕಿತೆಂದೇ ಲೆಕ್ಕ.

ಔಷಧಿ ಬಳಸಿದ ಗಿಡಗಳನ್ನು ಮಾರಬಾರದು ಎಂದೇನೂ ಅಲ್ಲ. "ಸಾಗಾಣಿಕೆಗಾಗಿ ಬೆಳವಣಿಗೆ ತಡೆ ನೀಡಿದೆ, ಮುಂದೆ ಸಹಜ ಎತ್ತರಕ್ಕೆ ಬೆಳೆಯುತ್ತದೆ" ಎಂದು ಚೀಟಿ ಅಂಟಿಸಿ, ಸಹಜ ಎತ್ತರ ಎಷ್ಟೆಂದು ಬರೆದು ಮಾರಿದರೆ ಯಾರಿಗೂ ಮೋಸವಿಲ್ಲ.

ಹದಗೊಳಿಸುವುದು ಮತ್ತು ಮಾರಾಟ

ಬಾಟಲಿಯ ಗಿಡವನ್ನು ನೇರವಾಗಿ ಬಿಸಿಲಿಗೆ ತರಬಾರದು. ಬೇರಿಗೆ ಅಂಟಿದ ಲೋಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯಬೇಕು. ಸಕ್ಕರೆ ಉಳಿದರೆ ಬೂಷ್ಟು ಬರುತ್ತದೆ. ಆಮೇಲೆ ತೊಳೆದ ಮರಳು ಅಥವಾ ಕೊಳೆಸಿ ತೊಳೆದ ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ನೆಟ್ಟು, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ನೆರಳಿನಲ್ಲಿ ಇಡಬೇಕು. ದಿನ ಕಳೆದಂತೆ ಹಾಳೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಎರಡು ಮೂರು ವಾರಗಳಲ್ಲಿ ಹೊರಗಿನ ಗಾಳಿಗೆ ಹೊಂದಿಸಬೇಕು. ಅನುಬಿಯಾಸ್‌ನ ಗೆಡ್ಡೆಯನ್ನು ಮಣ್ಣಿನಲ್ಲಿ ಹೂಳಬಾರದು, ಕೊಳೆಯುತ್ತದೆ. ಬೇರು ಮಾತ್ರ ಒಳಗಿರಬೇಕು.

ಅಕ್ವೇರಿಯಂ ಗಿಡಗಳಲ್ಲಿ ಬಹುಪಾಲು ನೀರಿನ ಹೊರಗೂ ಬೆಳೆಯಬಲ್ಲವು. ವ್ಯಾಪಾರಕ್ಕೆ ಬೆಳೆಸುವವರು ಹೆಚ್ಚಾಗಿ ತೇವ ಗಾಳಿಯಲ್ಲಿಯೇ ಬೆಳೆಸುತ್ತಾರೆ. ಪಾಚಿ, ಬಸವನಹುಳುಗಳ ಕಾಟ ಇದರಿಂದ ತಪ್ಪುತ್ತದೆ. ಆದರೆ ನೀರಿಗೆ ಇಳಿಸಿದ ಮೇಲೆ ಹಳೆಯ ಎಲೆಗಳು ಹೋಗಿ ಬೇರೆ ಆಕಾರದ ತೆಳು ಎಲೆಗಳು ಬರುತ್ತವೆ. ಕ್ರಿಪ್ಟೊಕೊರೈನ್‌ನಲ್ಲಿ ಎಲೆಗಳೆಲ್ಲ ಕರಗಿಹೋಗಿ ಗಿಡ ಸತ್ತಂತೆ ಕಾಣಬಹುದು. ಬುಡ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಇದನ್ನೂ ಕೊಳ್ಳುವವನಿಗೆ ಮೊದಲೇ ತಿಳಿಸಬೇಕು.

ಹದಗೊಳಿಸದೆ, ಲೋಳೆಯ ಸಮೇತ ಚಿಕ್ಕ ಮುಚ್ಚಿದ ಡಬ್ಬಿಯಲ್ಲಿಯೇ ಗಿಡ ಮಾರುವ ಪದ್ಧತಿಯೂ ಇದೆ. ಬಸವನಹುಳು, ಪಾಚಿ, ಕೀಟ ಯಾವುದೂ ಇಲ್ಲದಿರುವುದೇ ಇದರ ಹಿರಿಮೆ.

ರೈತ ಎಲ್ಲಿಂದ ಪ್ರಾರಂಭಿಸಬೇಕು?

ಸಣ್ಣ ರೈತ ಮೊದಲೇ ಪ್ರಯೋಗಶಾಲೆ ಕಟ್ಟಲು ಹೊರಡುವುದು ಜಾಣತನವಲ್ಲ. ಶುದ್ಧ ಗಾಳಿಯ ಪೆಟ್ಟಿಗೆ, ತಂಪು ಕೋಣೆ, ನಿಲ್ಲದ ವಿದ್ಯುತ್, ಕೈ ಪಳಗಿದ ಕೆಲಸಗಾರರು ಇವಿಲ್ಲದೆ ಅದು ನಡೆಯದು. ಪ್ರಯೋಗಶಾಲೆಯಿಂದ ಬಾಟಲಿ ಗಿಡಗಳನ್ನು ಕೊಂಡು, ನೆರಳುಮನೆಯಲ್ಲಿ ಹದಗೊಳಿಸಿ ಮಾರುವುದರಿಂದ ಪ್ರಾರಂಭಿಸಬೇಕು. ಎರಡು ಮೂರು ಜಾತಿಗಳು ಸಾಕು. ಕೊಳ್ಳುವ ಅಂಗಡಿಗಳು ಯಾವುವೆಂದು ಗೊತ್ತಾದ ಮೇಲೆಯೇ ಗಿಡಗಳ ಸಂಖ್ಯೆ ಹೆಚ್ಚಿಸಬೇಕು. ಗಿಡ ಕೊಳ್ಳುವಾಗ ಯಾವ ತಾಯಿ ಗಿಡ, ಎಷ್ಟನೆಯ ಸುತ್ತು, ಯಾವ ಔಷಧಿ ಕೊಟ್ಟಿದೆ ಎಂದು ಬರೆಸಿಕೊಳ್ಳಬೇಕು. ಬಾಟಲಿಯಲ್ಲಿ ಕುಳ್ಳಗೆ ಕಂಡಿತೆಂದು ಗಿಡ್ಡ ತಳಿಯ ಬೆಲೆ ಕೊಡಬಾರದು.

ಮರೆಯಬಾರದ ಮಾತುಗಳು

1. ಔಷಧಿ ಬೆರೆತ ನೀರನ್ನು ಮೀನಿರುವ ತೊಟ್ಟಿ, ಕೆರೆ, ಕಾಲುವೆ, ಬಾವಿಯ ಹತ್ತಿರ ಚೆಲ್ಲಬಾರದು.

2. ಬೆಳವಣಿಗೆ ತಡೆ ಕೊಟ್ಟ ನೀರು ಬ್ರಾಹ್ಮಿಯನ್ನು ಔಷಧಿಗಾಗಲಿ, ಆಹಾರಕ್ಕಾಗಲಿ ಯಾವ ಕಾರಣಕ್ಕೂ ಮಾರಬಾರದು. ಅದರ ತಾಯಿ ಗಿಡಗಳನ್ನೂ ಬೇರೆಯೇ ಇಡಬೇಕು.

3. ಹೊರದೇಶದ ಗಿಡಗಳ ತುಂಡುಗಳನ್ನು ಹೊರಗೆ ಎಸೆಯದೆ ಒಣಗಿಸಿ ಸುಡಬೇಕು. ನಮ್ಮ ಕಡೆಯ ಹೈಡ್ರಿಲ್ಲ ಫ್ಲೋರಿಡಾದಲ್ಲಿ ಮಾಡಿದ್ದನ್ನು, ದಕ್ಷಿಣ ಅಮೆರಿಕದಿಂದ ಬಂದ ನೇರಳೆ ಹೂವಿನ ನೀರುಕಳೆ ನಮ್ಮ ಕೆರೆಗಳಲ್ಲಿ ಮಾಡಿದ್ದನ್ನು ನೆನಪಿಡಬೇಕು.

4. ಪಶ್ಚಿಮ ಘಟ್ಟದ ಹೊಳೆಗಳಿಂದ ಗಿಡಗಳನ್ನು ರಾಶಿಯಾಗಿ ಕಿತ್ತು ಮಾರಬಾರದು. ಅಂಗಾಂಶ ಕೃಷಿಗೆ ಕೆಲವೇ ಮೊಗ್ಗುಗಳು ಸಾಕು. ಅವನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಿಂದ ತೆಗೆಯಬಾರದು.

5. ಔಷಧಿ ತೂಗುವಾಗ ಕೈಗವಸು ಧರಿಸಬೇಕು. ಕೊಟ್ಟ ದಿನ, ಪ್ರಮಾಣ, ಗಿಡದ ಅಳತೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.

ರೈತ ಬಾಂಧವರೇ, ಅಂಗಾಂಶ ಕೃಷಿ ಒಂದು ಗಿಡವನ್ನು ನೂರಾರು ಮಾಡಬಲ್ಲದು, ಆದರೆ ತಾಯಿ ಗಿಡದಲ್ಲಿಲ್ಲದ ಗುಣವನ್ನು ಅದರಿಂದ ನಿರೀಕ್ಷಿಸಬಾರದು. ಬೆಳವಣಿಗೆ ತಡೆ ಗಿಡವನ್ನು ಕೆಲವು ಕಾಲ ಗಿಡ್ಡವಾಗಿ ಇಡಬಲ್ಲದು, ಆದರೆ ಗಿಡ್ಡ ತಳಿಯನ್ನು ಮಾಡಲಾರದು. ಸ್ವಭಾವತಃ ಗಿಡ್ಡವಾದ ಗಿಡವನ್ನು ಆರಿಸಿ, ಅಂಗಾಂಶ ಕೃಷಿಯಿಂದ ಹೆಚ್ಚಿಸಿ, ಸಾಗಾಣಿಕೆಗೆ ಬೇಕಾದಷ್ಟೇ ತಡೆಯನ್ನು ಕೊಟ್ಟು, ಕೊಟ್ಟದ್ದನ್ನು ಚೀಟಿಯಲ್ಲಿ ಬರೆದು ಮಾರಿದ ಬೆಳೆಗಾರನ ಗಿಡವನ್ನು ಅಂಗಡಿಯವನು ಮುಂದಿನ ವರ್ಷವೂ ಕೇಳಿಕೊಂಡು ಬರುತ್ತಾನೆ.